ಮೊದಲ ಎರಡು ಗ್ಲಾಸು ಬರೀ ನೊರೆ

ಪ್ರಶ್ನೆ: ಮನೆಯ ಹಳೇ ಫ್ರಿಜ್ಜಿನ ಮೇಲೆ ಉಕ್ಕಿನ ಕಂಬ, ನಲ್ಲಿ ಕೂರಿಸಿ ಡ್ರಾಫ್ಟ್ (ಪೀಪಾಯಿಯಿಂದ ನೇರ ನಲ್ಲಿಗೆ ಬರೋ) ಬಿಯರ್‌ಗೆ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಮೊದಲ ಎರಡು ಗ್ಲಾಸು ಮುಕ್ಕಾಲು ನೊರೆ, ಆಮೇಲೆ ಸರಿ ಹೋಗುತ್ತದೆ. ಬಿಯರ್ ತಳ್ಳೋ ಗ್ಯಾಸಿನ (ಕಾರ್ಬನ್ ಡೈಆಕ್ಸೈಡ್) ಒತ್ತಡ ಇಳಿಸಿದೆ, ಎರಡು ದಿನಕ್ಕೆ ನೊರೆ ಇನ್ನೂ ಜಾಸ್ತಿ ಆಯ್ತು. ಏನು ಮಾಡಲಿ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲ ಗ್ಲಾಸಿಗೆ ಮಾತ್ರ ನೊರೆ ಅಂದರೆ ಕಂಬ ಬಿಸಿಯಾಗಿದೆ ಅಂತಲೇ ಅರ್ಥ. ಒಂದು ಗಂಟೆ ನಲ್ಲಿ ಮುಟ್ಟದೆ ಬಿಟ್ಟು, ಆಮೇಲೆ ಕಂಬಕ್ಕೆ ಕೈ ಇಟ್ಟು ನೋಡಿ, ಕೋಣೆಯಷ್ಟೇ ಬೆಚ್ಚಗಿರುತ್ತದೆ. ಕೆಗ್ (ಬಿಯರ್ ಪೀಪಾಯಿ) ಫ್ರಿಜ್ಜಿನ ಒಳಗೆ ತಣ್ಣಗಿದ್ದರೂ ನಮ್ಮ ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿಗೆ ಕಂಬದೊಳಗಿನ ಪೈಪಿನಲ್ಲಿ ನಿಂತ ಬಿಯರ್ ಕಾಯುತ್ತದೆ, ಕಾದ ಬಿಯರ್ ಗ್ಯಾಸ್ ಹಿಡಿದಿಟ್ಟುಕೊಳ್ಳೋದಿಲ್ಲ. ಎರಡು ಗ್ಲಾಸು ಹರಿದ ಮೇಲೆ ಪೈಪು ತಣ್ಣಗಾಗುತ್ತದೆ, ಅಷ್ಟೇ. ಹಳೇ ಕಂಪ್ಯೂಟರಿನ ಚಿಕ್ಕ ಫ್ಯಾನಿಗೆ ಒಂದು ಕೊಳವೆ ಸಿಕ್ಕಿಸಿ ಫ್ರಿಜ್ಜಿನ ತಣ್ಣನೆ ಗಾಳಿ ಕಂಬದ ತುದಿವರೆಗೆ ಹೋಗೋ ಹಾಗೆ ಮಾಡಿ. ಇದೊಂದೇ ಮುಕ್ಕಾಲು ತೊಂದರೆ ನೀಗಿಸುತ್ತದೆ.

ಒತ್ತಡ ಮಾತ್ರ ಇಳಿಸಬೇಡಿ. ಇಳಿಸಿದರೆ ಬಿಯರ್‌ನಲ್ಲಿ ಕರಗಿದ ಗ್ಯಾಸ್ ಪೈಪಿನಲ್ಲೇ ಗುಳ್ಳೆಯಾಗಿ ಹೊರಬರುತ್ತದೆ, ನಿಮಗೆ ಆಗಿದ್ದು ಅದೇ. ಬಿಯರ್ 3–4 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ 10–12 ಪಿಎಸ್‌ಐ (ಗ್ಯಾಸ್ ಒತ್ತಡದ ಅಳತೆ) ಸಾಕು. ಫ್ರಿಜ್ಜಿನ ಗುಂಡಿ ತೋರಿಸೋ ಅಂಕಿ ನಂಬಬೇಡಿ, ರಾತ್ರಿ ಒಂದು ಲೋಟ ನೀರು ಒಳಗಿಟ್ಟು ಬೆಳಿಗ್ಗೆ ಥರ್ಮಾಮೀಟರ್ ಅದ್ದಿ ನೋಡಿ. ಬಿಯರ್ ಪೈಪಿನ ಒಳ ಅಗಲ 5 ಮಿಲಿಮೀಟರ್ ಆದರೆ ಎರಡೂವರೆ ಮೀಟರಾದರೂ ಉದ್ದ ಇರಲಿ, ಗಿಡ್ಡ ಪೈಪಿನಲ್ಲಿ ಬಿಯರ್ ನುಗ್ಗಿ ಬರುತ್ತದೆ.

ಇನ್ನೊಂದು ಮಾತು, ನಲ್ಲಿ ಅರ್ಧ ತಿರುಗಿಸಬೇಡಿ. ನೊರೆ ಹೆದರಿ ಎಲ್ಲರೂ ಹಾಗೇ ಮಾಡ್ತಾರೆ, ಅದರಿಂದಲೇ ನೊರೆ ಹೆಚ್ಚುತ್ತದೆ. ಗ್ಲಾಸು ಓರೆ ಹಿಡಿದು ನಲ್ಲಿ ಪೂರ್ತಿ ತೆರೆಯಿರಿ.