‘ಶೆಲ್‌ಡಕ್’ ಅಂದರೆ ಚಿಪ್ಪಿನ ಬಾತುಕೋಳಿಯೇ?

ಅಲ್ಲ. ‘ಚಿಪ್ಪುಬಾತು’ ಎಂದು ಕನ್ನಡಿಸಿದರೆ ತಪ್ಪಾಗುತ್ತದೆ. ಇಲ್ಲಿರುವುದು ‘ಶೆಲ್’ ಅಲ್ಲ, ‘ಶೆಲ್ಡ್’ ಎಂಬ ಹಳೆಯ ಇಂಗ್ಲಿಷ್ ಪದ. ಅರ್ಥ ‘ಬಣ್ಣಬಣ್ಣದ, ಪಟ್ಟೆಪಟ್ಟೆಯ’. ಯುರೋಪಿನ ಕಡಲತೀರದ ಈ ಹಕ್ಕಿಗೆ ಬಿಳಿ ಮೈ, ಕಡುಹಸಿರು ತಲೆ, ಎದೆಯ ಸುತ್ತ ಕಂದು ಪಟ್ಟಿ, ಕೆಂಪು ಕೊಕ್ಕು. ಹೆಸರು ಬಂದದ್ದು ಹೀಗೆ. ಅಳಿವೆಯ ಕೆಸರಿನಲ್ಲಿ ಅದು ಸಣ್ಣ ಸಣ್ಣ ಚಿಪ್ಪಿನ ಹುಳು ತಿನ್ನುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ, ಅಷ್ಟೆ. ಹಿಂದೆ ‘ಶೆಲ್‌ಡ್ರೇಕ್’ ಎಂಬ ರೂಪವೂ ಬಳಕೆಯಲ್ಲಿತ್ತು. ‘ಡ್ರೇಕ್’ ಅಂದರೆ ಗಂಡು ಬಾತು. ಈಗ ಗಂಡು ಹೆಣ್ಣು ಎರಡಕ್ಕೂ ‘ಶೆಲ್‌ಡಕ್’.

ಕಲಬುರಗಿ, ಬೀದರ್ ಕಡೆಯವರಿಗೆ ಇದರ ಬಳಗದ್ದೇ ಇನ್ನೊಂದು ಹಕ್ಕಿಯ ಹೆಸರು ಕಿವಿಗೆ ಬಿದ್ದಿರುತ್ತದೆ: ಸುರ್ಖಾಬ್. ಫಾರ್ಸಿಯಲ್ಲಿ ‘ಸುರ್ಖ್’ ಎಂದರೆ ಕೆಂಪು, ‘ಆಬ್’ ಎಂದರೆ ನೀರು. ‘ಸುರ್ಖಾಬ್ ಕೆ ಪರ್ ಲಗೇ ಹೈಂ ಕ್ಯಾ’ ಅಂತ ಉರ್ದುವಿನಲ್ಲಿ ಚುಚ್ಚುವುದು ನಮ್ಮ ‘ನಿನಗೇನು ಕೊಂಬು ಬಂದಾವೇನು’ ಅನ್ನುವ ಹಾಗೆಯೇ. ಸಂಸ್ಕೃತ, ಕನ್ನಡ ಕಾವ್ಯಗಳಲ್ಲಿ ರಾತ್ರಿ ಜೋಡಿ ಅಗಲಿ ಗೋಳಿಡುವ ಚಕ್ರವಾಕವೂ ಇದೇ. ಇದು ಚಳಿಗಾಲದಲ್ಲಿ ವಲಸೆ ಬರುತ್ತದೆ, ಮತ್ತು ಕಡಲಿಗಿಂತ ಸಿಹಿನೀರಿನ ಕೆರೆ, ಜಲಾಶಯ, ಹೊಳೆದಂಡೆಯನ್ನೇ ಹೆಚ್ಚು ಇಷ್ಟಪಡುತ್ತದೆ.

ಬರೆಯುವಾಗ ಕಿತ್ತಳೆಗೆಂಪು ಮೈಯ ಹಕ್ಕಿಗೆ ‘ಚಕ್ರವಾಕ’ ಎನ್ನಿ. ಕಡಲತೀರದ ಬಿಳಿಮೈಯ ಹಕ್ಕಿಗೆ ಬರೀ ‘ಚಕ್ರವಾಕ’ ಎಂದರೆ ಓದುಗರು ಕೆಂಪು ಹಕ್ಕಿಯನ್ನೇ ನೆನೆಯುತ್ತಾರೆ. ಅಲ್ಲಿ ‘ಶೆಲ್‌ಡಕ್’ ಎಂದೇ ಬಿಡುವುದು ಮೇಲು.