ನಾನು ಹೊಸ ಪಿಎಸ್‌ಐ. ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಠಾಣೆಯ ವಾತಾವರಣ ಕೆಡಿಸುತ್ತಿದ್ದಾರೆ, ಏನು ಮಾಡಲಿ?

ರೋಲ್ ಕಾಲ್‌ನಲ್ಲಿ ಎಲ್ಲರೆದುರು ಬೈಯಬೇಡಿ. ರಾಯಚೂರು ಜಿಲ್ಲೆಯ ಠಾಣೆಯೊಂದರಲ್ಲಿ ನಾನು ಆ ತಪ್ಪು ಮಾಡಿದೆ. ಸಂಜೆಯೊಳಗೆ ಅರ್ಧ ಠಾಣೆ ಬೈಸಿಕೊಂಡವರ ಕಡೆಗಿತ್ತು. ಒಳಗೆ ಕರೆದು ಕೂರಿಸಿ, ನಡೆದದ್ದನ್ನಷ್ಟೇ ಕೇಳಿ: ‘ಮಂಗಳವಾರ ರಾತ್ರಿ ಬೀಟಿಗೆ ಹೋಗಬ್ಯಾಡ ಅಂತ ಹೊಸ ಹುಡುಗಗ ಯಾಕ ಹೇಳಿದ್ರಿ?’ ‘ನಿಮ್ಮ ನಡತೆ ಸರಿಯಿಲ್ಲ’ ಎಂದರೆ ಯಾರೂ ತಿದ್ದಿಕೊಳ್ಳುವುದಿಲ್ಲ.

ಅದಕ್ಕೂ ಮೊದಲು ಡ್ಯೂಟಿ ಪಟ್ಟಿ ನೋಡಿ. ಮೇ ತಿಂಗಳ ಬಿಸಿಲಲ್ಲಿ ಅವರಿಗೇ ಬಂದೋಬಸ್ತ್, ವಾರದ ರಜೆಯೂ ಇಲ್ಲವೆಂದರೆ ಆ ಸಿಟ್ಟಿಗೆ ಕಾರಣವಿದೆ.

ಬದಲಾಗದಿದ್ದರೆ ದಿನಾಂಕ ಸಮೇತ ಬರೆದಿಡಿ, ಮೆಮೊ ಕೊಟ್ಟು ಲಿಖಿತ ಉತ್ತರ ಪಡೆಯಿರಿ, ಮೇಲಧಿಕಾರಿಗೆ ವರದಿ ಕಳಿಸಿ. ಶಿಕ್ಷೆ ಏನಿದ್ದರೂ 1965ರ ಪೊಲೀಸ್ ಶಿಸ್ತು ನಡಾವಳಿ ನಿಯಮಗಳಂತೆಯೇ. ಮಹಿಳಾ ಸಿಬ್ಬಂದಿಗೆ ಲೈಂಗಿಕ ಕಿರುಕುಳವಾಗಿದ್ದರೆ ಮಾತ್ರ ರಾಜಿ ಮಾತೇ ಬೇಡ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಆಂತರಿಕ ಸಮಿತಿಗೆ ದೂರು ಕೊಡಲು ಅವರ ಜೊತೆ ನಿಲ್ಲಿ.