ಮೈಸೂರು ಬೇಡ ಮೇಷ್ಟ್ರೇ, ಹತ್ತಿರದ ಮೀಟಿಂಗಿಗೇ ಹೋಗಿ

ನೀವು ಹಾಸನದ ಹತ್ತಿರದ ಊರಿನಲ್ಲಿ ಹೈಸ್ಕೂಲು ಮೇಷ್ಟ್ರು. ಕುಡಿತ ಬಿಟ್ಟು ಹದಿನೆಂಟು ದಿನಗಳಾಗಿವೆ. ವಿದ್ಯಾರ್ಥಿಗಳ ಪೋಷಕರು ಯಾರೂ ಎದುರಾಗದಂತಹ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗ್ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇದೆಯೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನು ಹುಡುಕಿದ್ದೂ ಇದನ್ನೇ. ಹುಡುಕಿದ್ದು ಸಿಕ್ಕಿತು, ಅದೇ ನನಗೆ ಮುಳುವಾಯಿತು.

ನಾನಿರುವುದು ತುಮಕೂರಿನಲ್ಲಿ. ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಭಾನುವಾರ ಸಂಜೆಯ ಮೀಟಿಂಗೊಂದನ್ನು, ಅದು ದೂರವಿದೆ ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡೆ. ಚರ್ಚಿನ ಹಿಂಬದಿಯ ಕೋಣೆ, ಹತ್ತು ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳು, ಎಎಯ ಹನ್ನೆರಡು ಮೆಟ್ಟಿಲುಗಳನ್ನು, ಅಂದರೆ ಕುಡಿತದಿಂದ ಹೊರಬರುವ ಹಂತಗಳನ್ನು, ಬರೆದು ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದ ಬಟ್ಟೆ. ಶುಲ್ಕವಿರಲಿಲ್ಲ, ಊರು ಕೇರಿಯ ವಿಚಾರಣೆಯೂ ಇರಲಿಲ್ಲ. ಕುಡಿತ ಬಿಡಬೇಕೆಂಬ ಆಸೆಯಿದ್ದರೆ ಸಾಕು, ಸೇರಲು ಬೇರೆ ಷರತ್ತಿಲ್ಲ ಎಂದರು. ಕೊನೆಯಲ್ಲಿ ಹಿರಿಯ ಸದಸ್ಯರೊಬ್ಬರು ಡೈರಿ ಚಾಚಿ, ಹೆಸರು ಮತ್ತು ಫೋನ್ ನಂಬರು ಬರೆಯಲು ಹೇಳಿದರು.

ನನ್ನ ತಪ್ಪು ನಡೆದದ್ದು ಅಲ್ಲಿ. ಹೆಸರನ್ನು ಬದಲಿಸಿ ಬರೆದೆ, ಅದರಿಂದ ಅಂತಹ ನಷ್ಟವೇನೂ ಆಗಲಿಲ್ಲ. ಆದರೆ ನಂಬರಿನ ಕೊನೆಯಲ್ಲಿ ಏಳು ಇದ್ದುದನ್ನು ಒಂದು ಎಂದು ಬರೆದೆ. ಯಾರಾದರೂ ಮನೆಗೆ ಫೋನ್ ಮಾಡಿ ನನ್ನ ಹೆಂಡತಿಯ ಕೈಗೆ ಸಿಕ್ಕಿಬಿಟ್ಟರೆ ಎಂಬ ಭಯ. (ಅವಳಿಗೆ ತಿಳಿಯದ್ದು ಏನಿತ್ತು? ನಾನು ಎಲ್ಲೆಲ್ಲಿ ಬಾಟಲಿ ಬಚ್ಚಿಡುತ್ತಿದ್ದೆ ಎಂಬುದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.) ಏಳು ಭಾನುವಾರ ತಪ್ಪದೆ ಹೋದೆ. ಎಂಟನೆಯದು ಭಾವಮೈದುನನ ನಿಶ್ಚಿತಾರ್ಥದಿಂದ ತಪ್ಪಿತು. ಮೀಟಿಂಗ್ ಒಮ್ಮೆ ತಪ್ಪಿದರೆ ಮುಳುಗುವುದೇನೂ ಇಲ್ಲ. ಆದರೆ ಆ ಮಂಗಳವಾರ ರಾತ್ರಿ ಒಂಬತ್ತಕ್ಕೆ, ಕಾರಣವೇ ಇಲ್ಲದೆ, ಬಾಯಿ ಒಣಗಿ ಕೈ ಜೇಬಿಗೆ ಹೋಯಿತು. ಅವರು ಕೊಟ್ಟಿದ್ದ ನಂಬರುಗಳ ಚೀಟಿ ಅದೇ ಜೇಬಿನಲ್ಲಿತ್ತು. ನಾನು ಯಾರಿಗೂ ಫೋನ್ ಮಾಡಲಿಲ್ಲ. ಕುಡಿಯಲು ಹೊರಟವನು ತಾನಾಗಿ ಫೋನ್ ಮಾಡುವುದು ಅಪರೂಪ. ಅದು ಗೊತ್ತಿರುವುದರಿಂದಲೇ ಹಳಬರು, ಒಂದು ವಾರ ಕಾಣದವನಿಗೆ ತಾವೇ ಫೋನ್ ಮಾಡುತ್ತಾರೆ. ಆ ಹಿರಿಯರೂ ಮಾಡಿದ್ದರು. ನನ್ನ ಫೋನು ಮಾತ್ರ ರಿಂಗಾಗಲಿಲ್ಲ. ಒಂದು ಕ್ವಾರ್ಟರ್ ಎಂದು ಹೋದವನು ಐದು ತಿಂಗಳು ಕುಡಿದೆ.

ಈ ಕೂಟ ಹುಟ್ಟಿದ್ದೇ ಫೋನಿನಿಂದ ಎಂಬುದು ನನಗೆ ತಿಳಿದದ್ದು ಆಮೇಲೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ವ್ಯವಹಾರಕ್ಕೆಂದು ಬಂದು ಕೈಸುಟ್ಟುಕೊಂಡ ಬಿಲ್ ವಿಲ್ಸನ್, ಹೋಟೆಲಿನ ಬಾರು ಕೈಬೀಸಿ ಕರೆಯುತ್ತಿದ್ದಾಗ, ಅಲ್ಲಿದ್ದ ಚರ್ಚುಗಳ ಪಟ್ಟಿ ಹಿಡಿದು ಫೋನ್ ಮಾಡತೊಡಗಿದ. ಅವನು ಹುಡುಕುತ್ತಿದ್ದುದು ತನ್ನಂತಹ ಇನ್ನೊಬ್ಬ ಕುಡುಕನನ್ನು. ಸಿಕ್ಕಿದವರು ಅದೇ ಊರಿನ ಶಸ್ತ್ರವೈದ್ಯ ಬಾಬ್ ಸ್ಮಿತ್.

ಎರಡನೆಯ ಸಲ ನಾನು ಮನೆಯಲ್ಲೇ ದಿಢೀರನೆ ನಿಲ್ಲಿಸಿ, ಮರುದಿನ ಬಚ್ಚಲಿನಲ್ಲಿ ಫಿಟ್ಸ್ ಬಂದು ಬಿದ್ದೆ. ನೀವು ಆ ದಿನಗಳನ್ನು ದಾಟಿದ್ದೀರಿ. ದಿನವೂ ಹೆಚ್ಚು ಕುಡಿಯುವವರು ಇದನ್ನು ಓದುತ್ತಿದ್ದರೆ, ವೈದ್ಯರನ್ನು ಕಾಣದೆ ನಿಲ್ಲಿಸಬೇಡಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಆನಂತರ ಭ್ರಮೆ, ಸನ್ನಿ ಬರಬಹುದು, ಜೀವಕ್ಕೂ ಅಪಾಯ.

ಆಸ್ಪತ್ರೆಯಿಂದ ಬಂದ ಮೇಲೆ ನಮ್ಮೂರಿನ ಮೀಟಿಂಗಿಗೇ ಹೋದೆ. ಎರಡನೆಯ ಸಾಲಿನಲ್ಲಿ ಕುಳಿತಿದ್ದವರು, ನಾನು ಎರಡು ತಿಂಗಳ ಬಾಕಿ ಉಳಿಸಿಕೊಂಡಿದ್ದ ಹಾಲಿನವರು. ಅವರು ಪಕ್ಕದ ಕುರ್ಚಿಯ ಮೇಲಿದ್ದ ಹೆಲ್ಮೆಟ್ ತೆಗೆದು ನನಗೆ ಜಾಗ ಮಾಡಿದರು. ಬಾಕಿಯ ಮಾತು ಎತ್ತಲೇ ಇಲ್ಲ. ಅಂದಿನಿಂದ ಅಂತಹ ಮಂಗಳವಾರ ಬಂದರೆ ಅವರ ಮನೆಗೆ ಐದು ನಿಮಿಷದ ನಡಿಗೆ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಯಾರೂ ಗುರುತಿಸದ ಮೀಟಿಂಗಿನಲ್ಲಿ, ನೀವು ಬಾರದಿದ್ದಾಗ ಬಂದು ಬಾಗಿಲು ತಟ್ಟುವವರೂ ಇರುವುದಿಲ್ಲ. ಪೋಷಕರು ಸಿಕ್ಕರೆ ಸಿಗಲಿ; ಅವರೂ ಅದೇ ಬಾಗಿಲಿನಿಂದ ಬಂದವರು. ಅಷ್ಟಾಗಿಯೂ ಅಳುಕಿದ್ದರೆ ಕ್ಲೋಸ್ಡ್ ಮೀಟಿಂಗ್ ಯಾವುದೆಂದು ಕೇಳಿ, ಅಲ್ಲಿಗೆ ಕುಡಿತದ ಸಮಸ್ಯೆಯಿರುವವರಿಗಷ್ಟೇ ಪ್ರವೇಶ. ಓಪನ್ ಮೀಟಿಂಗಿಗೆ ಮನೆಯವರು, ಆಸಕ್ತರು ಯಾರು ಬೇಕಾದರೂ ಬರಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಧರ್ಮಸ್ಥಳದ ಕಡೆಯಿಂದ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ನಿಮ್ಮ ಹೋಬಳಿಯಲ್ಲಿದ್ದರೆ, ಎಎ ಇಲ್ಲವೆಂದು ಕೊರಗದೆ ಅಲ್ಲಿಗೆ ಹೋಗಿ. ಆನ್‌ಲೈನ್ ಮೀಟಿಂಗುಗಳೂ ಇವೆ, ಅವನ್ನು ಸ್ಟೆಪ್ನಿಯಂತೆ ಇಟ್ಟುಕೊಳ್ಳಿ.

ವರ್ಷ ಕಳೆದ ಮೇಲೆ, ಕೊನೆಗೆ ಒಂದು ಇರುವ ಆ ನಂಬರಿಗೆ ಕ್ಷಮೆ ಕೇಳಲೆಂದು ನಾನೇ ಫೋನ್ ಮಾಡಿದೆ. ಎತ್ತಿದವರು ಯಾವುದೋ ಊರಿನ ಮಾವಿನಹಣ್ಣಿನ ವ್ಯಾಪಾರಿ. ವಿಷಯ ಹೇಳಿದಾಗ ಅವರು ಅರೆಕ್ಷಣ ಸುಮ್ಮನಿದ್ದು ಕೇಳಿದರು: "ನೀವೇನಾ ಅವ್ರು? ಆ ಯಜಮಾನ್ರು ಒಂದೇ ವಾರದಲ್ಲಿ ಮೂರು ಸಲ ಫೋನ್ ಮಾಡಿದ್ರು ಕಣ್ರೀ. ಹುಷಾರಾಗಿದ್ದೀರಾ ಈಗ?"